ನಂಬರಿಲ್ಲದ ಕಮಾನು

ನದಿಯಾಚೆಯ ಪ್ರೌಢಶಾಲೆ, ಆಟದ ಹಾಲ್
ಗುರುವಾರ, ಮಾರ್ಚ್ ೧೨

ಪ್ರೀತಿಯ ಮರೀ,

ಹೇಗಿದ್ದೀಯಮ್ಮಾ? ಕೆಮ್ಮು ಕಡಿಮೆಯಾಯಿತಾ? ಆ ಗುಡ್ಡದ ತುದಿಯ ಹವಾಮಾನ ಕಚೇರಿಯಲ್ಲಿ ಗಾಳಿ ಬಹಳ ಅಂತ ಕೆಲಸಕ್ಕೆ ಸೇರಿದ ಹೊಸದರಲ್ಲಿ ಬರೆದಿದ್ದೆ. ಕಿವಿಗೆ ಬಟ್ಟೆ ಕಟ್ಟಿಕೊಳ್ಳದೆ ಹೊರಗೆ ಹೋಗುತ್ತೀಯ ಅನ್ನುವುದನ್ನು ನೀನು ಬರೆಯದಿದ್ದರೂ ನನಗೆ ಗೊತ್ತು. ದಯವಿಟ್ಟು ಕಟ್ಟಿಕೋ. ನಾನು ಚೆನ್ನಾಗಿದ್ದೇನೆ. ಬಲಮಂಡಿ ಮಾತ್ರ ನಿನ್ನ ಕಚೇರಿಗಿಂತ ಒಂದು ದಿನ ಮೊದಲೇ ಮಳೆ ಹೇಳುತ್ತದೆ, ಇವತ್ತಿನವರೆಗೆ ಒಂದು ಸಲವೂ ತಪ್ಪಿಲ್ಲ, ಬೇಕಾದರೆ ನಿಮ್ಮ ಸಾಹೇಬರಿಗೆ ಹೇಳಿ ನನಗೂ ಒಂದು ಕುರ್ಚಿ ಕೊಡಿಸು. ವ್ಯಾನು ನನಗಿಂತ ಮುದುಕನಾಗಿದೆ. ಎರಡನೇ ಗೇರಿಗೆ ಹಾಕಬೇಕಾದರೆ ಬೈಯಬೇಕು, ಮೂರನೆಯದಕ್ಕೆ ಬೇಡಿಕೊಳ್ಳಬೇಕು. ಎಂಟು ತಿಂಗಳಿಂದ ನಿನ್ನ ಒಂದು ಸಾಲಿಲ್ಲ, ಫೋನ್ ಮಾಡಿದರೆ ಎತ್ತುವುದಿಲ್ಲ. ಕಾಗದವಾದರೆ ಕೋಪ ಇಳಿದ ದಿನ ತೆಗೆದು ಓದಬಹುದು ಅಂತ ಬರೆಯುತ್ತಿದ್ದೇನೆ.

ಪ್ರದರ್ಶನ ಇಲ್ಲಿಗೆ ಬಂದು ನಾಲ್ಕು ದಿನವಾಯಿತು. ಹಾಲ್ ದೊಡ್ಡದು, ಮಾಡಿನ ಒಂದು ತಗಡು ಗಾಳಿ ಬಂದಾಗಲೆಲ್ಲ ದಡಬಡ ಅನ್ನುತ್ತದೆ. ಬಾಗಿಲಲ್ಲಿ ನಿಮ್ಮಮ್ಮ ಬರೆದ ಅದೇ ಬೋರ್ಡು: ‘ಒಳಗೆ ಗಣಿತ ಇದೆ. ದಯವಿಟ್ಟು ಮುಟ್ಟಿ.’ ಚೌಕದ ಚಕ್ರದ ಗಾಡಿಯ ಮುಂದೆ ಎಂದಿನಂತೆ ಉದ್ದ ಸಾಲು. ಉಬ್ಬು ಉಬ್ಬಿನ ಹಲಗೆಯ ಮೇಲೆ ಅದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಾಗುವುದನ್ನು ಕಂಡು ಇಲ್ಲಿನ ಹೆಡ್‌ಮಾಸ್ಟರಿಗೆ ಹುರುಪು ಬಂತು. ಹಲಗೆ ಮುಗಿದ ಮೇಲೂ ತುಳಿಯುತ್ತಲೇ ಹೋದರು, ಸಿಮೆಂಟು ನೆಲಕ್ಕೆ ಇಳಿದದ್ದೇ ದಬಕ್ಕನೆ ಬಿದ್ದರು. ಮಕ್ಕಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಪಾಪ, ಒಳ್ಳೆಯ ಮನುಷ್ಯ, ಪ್ಯಾಂಟು ಕೊಡವಿಕೊಂಡು ಎದ್ದು, ‘ಚಕ್ರ ಯಾವ ಆಕಾರದ್ದಾದರೂ ಆಗುತ್ತೆ ಕಣ್ರೋ, ಅದಕ್ಕೆ ತಕ್ಕ ನೆಲ ಬೇಕು ಅಷ್ಟೇ’ ಅಂದರು. ಅದು ನಿಮ್ಮಮ್ಮ ಇಪ್ಪತ್ತೆರಡು ವರ್ಷದಿಂದ ಯಾರಿಗೂ ಹೇಳಿಕೊಡದೆ ಎಲ್ಲರ ಬಾಯಲ್ಲೂ ಹೇಳಿಸುತ್ತಿದ್ದ ಮಾತು. ನಾನು ತಿರುಗಿ ಅವಳ ಮುಖ ನೋಡಿದೆ. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಇಷ್ಟು ಪೀಠಿಕೆ ಸಾಕು. ಸುತ್ತಿ ಬಳಸಿ ಹೇಳುವುದು ನನ್ನ ಹಳೇ ಚಾಳಿ, ಬಡಗಿಯಾದವನು ಮೊಳೆಯ ತಲೆಗೆ ನೇರವಾಗಿ ಹೊಡೆಯಬೇಕು. ನಿಮ್ಮಮ್ಮನ ವಿಷಯ ಬರೆಯಬೇಕು. ಅದಕ್ಕೆ ಮೊದಲು ಕಮಾನಿನ ವಿಷಯ ನೆನಪಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಹತ್ತೊಂಬತ್ತು ಮರದ ತುಂಡು. ಅಂಟಿಲ್ಲ, ಮೊಳೆಯಿಲ್ಲ. ನೆಲದ ಮೇಲಿನ ಹಲಗೆಯಲ್ಲಿ ಸರಿಯಾದ ಕ್ರಮದಲ್ಲಿ ಜೋಡಿಸಿ, ಹಲಗೆಯನ್ನೇ ಎತ್ತಿ ನಿಲ್ಲಿಸಿ, ಆಮೇಲೆ ಅದನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರೆ ಕಮಾನು ತನ್ನಷ್ಟಕ್ಕೆ ನಿಂತುಕೊಳ್ಳುತ್ತದೆ. ಎರಡು ತುಂಡು ಅದಲುಬದಲಾದರೂ ಎಲ್ಲ ನೆಲಕ್ಕೆ. ಅದರ ಆಕಾರ ಎಲ್ಲಿಂದ ಬಂತು ಗೊತ್ತಲ್ಲ, ನಮ್ಮ ಅಡುಗೆಮನೆಯ ಗೋಡೆಗೆ ಅವಳು ಒಂದು ಸರಪಳಿ ಜೋತುಬಿಟ್ಟು, ಅದರ ಗೆರೆ ಎಳೆದು, ಕಾಗದವನ್ನು ತಲೆಕೆಳಗು ಮಾಡಿ ನನ್ನ ಕೈಗೆ ಕೊಟ್ಟಿದ್ದಳು. ನಾನು ಪ್ರತಿ ತುಂಡಿನ ಬೆನ್ನಿಗೂ ನಂಬರ್ ಹಾಕಿಕೊಡುತ್ತೇನೆ ಅಂದೆ. ‘ನಂಬರ್ ಹಾಕಿದ್ರೆ ಮಕ್ಕಳಿಗೆ ಏನು ಉಳೀತು ರೀ? ಅವರೇ ಹುಡುಕಲಿ’ ಅಂದಳು. ಇಡೀ ಪ್ರದರ್ಶನಕ್ಕೆ ಅವಳು ಮಾಡಿದ ಕಾನೂನು ಎರಡೇ. ಯಾವುದಕ್ಕೂ ಉತ್ತರ ಬರೆದಿರಬಾರದು. ಬಂದವರು ಕೈ ಹಾಕಿದ ಮೇಲೆ ನಾವು ಕೈ ಹಾಕಬಾರದು, ಕೈ ಹಿಂದೆ ಕಟ್ಟಿ ನಿಲ್ಲಬೇಕು. ನಾಲ್ಕು ವರ್ಷ ನಮ್ಮ ಜೊತೆ ವ್ಯಾನಿನಲ್ಲಿ ತಿರುಗಿದವಳು ನೀನು, ನಿನಗೆಷ್ಟು ಸಲ ‘ಕೈ ಹಿಂದೆ!’ ಅಂತ ಗದರಿಲ್ಲ ಹೇಳು.

ಮತ್ತೆ ಅವಳ ಆ ನಾಟಕ. ನೀನು ಆರು ವರ್ಷದವಳಿದ್ದಾಗ ಶುರುವಾದದ್ದು ಅದು. ನೀನು ಲೆಕ್ಕದ ಪುಸ್ತಕ ಎಸೆದು ಅಳುತ್ತಿದ್ದೆ, ಅವಳು ನಿನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ‘ಅಯ್ಯೋ, ನನ್ನ ತಲೆಗೂ ಇದು ಹೋಗ್ತಾನೇ ಇಲ್ಲ ಕಣೇ. ಸ್ವಲ್ಪ ಹೇಳಿಕೊಡು’ ಅಂದಳು. ನೀನು ಅಳು ನಿಲ್ಲಿಸಿ ಟೀಚರಮ್ಮನ ಹಾಗೆ ಸೊಂಟಕ್ಕೆ ಕೈಯಿಟ್ಟು ಹೇಳಿಕೊಟ್ಟೆ. ಅದನ್ನೇ ಆಮೇಲೆ ಊರೂರಿಗೆ ಹೊತ್ತುಕೊಂಡು ಹೋದಳು. ಕಮಾನಿನ ಮುಂದೆ ಕೂತು ಬೇಕೆಂದೇ ದೊಡ್ಡ ತುಂಡನ್ನು ಮೇಲೆ, ಸಣ್ಣದನ್ನು ಬುಡಕ್ಕೆ ಇಡುವುದು, ‘ಸ್ವಲ್ಪ ಹೇಳಿಕೊಡಪ್ಪಾ’ ಅನ್ನುವುದು, ಮಕ್ಕಳೆಲ್ಲ ‘ಅಜ್ಜೀ, ಹಾಗಲ್ಲಾ!’ ಅಂತ ಮುಗಿಬೀಳುವುದು. ಲೆಕ್ಕ ಅಂದರೆ ಜ್ವರ ಬರುತ್ತಿದ್ದ ಮಕ್ಕಳು ಅವಳಿಗೆ ಗುರುಗಳಾಗಿಬಿಡುತ್ತಿದ್ದರು. ಎಷ್ಟು ಚೆನ್ನಾಗಿ ಮಾಡುತ್ತಿದ್ದಳು ಅಂದರೆ, ಅದು ನಾಟಕ ಅಲ್ಲದೆ ಹೋದ ದಿನ ನನಗೆ ಗೊತ್ತೇ ಆಗಲಿಲ್ಲ ಮರೀ. ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದವನಿಗೆ ಗೊತ್ತಾಗಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹಾಗೆ.

ಒಂದೇ ಹುಡುಗಿಯನ್ನು ನಾಲ್ಕು ಸಲ ಕರೆದು ಕೇಳಿದಳು, ‘ಇವತ್ತು ಜೋರಾಗಿದೆ ನಿನ್ನ ಆಟ’ ಅಂತ ನಕ್ಕೆ. ಇಳಿದುಕೊಂಡಿದ್ದ ಕೋಣೆಯ ದಾರಿ ಕೇಳಿದಳು, ‘ನನ್ನನ್ನೇ ಪರೀಕ್ಷೆ ಮಾಡ್ತೀಯಾ’ ಅಂತ ರೇಗಿಸಿದೆ. ನವೆಂಬರಿನಲ್ಲಿ ಒಂದು ಊರಿನ ಗ್ರಂಥಾಲಯದಲ್ಲಿದ್ದೆವು. ಸಂಜೆ ಐದಕ್ಕೆ ಜನ ಹೋದರು, ನಾನು ಪೆಟ್ಟಿಗೆಗಳಿಗೆ ಚಿಲಕ ಹಾಕುತ್ತಿದ್ದೆ. ಅವಳು ಕಮಾನಿನ ಹಲಗೆಯ ಮುಂದೆ ಒಂದು ತುಂಡು ಕೈಯಲ್ಲಿ ಹಿಡಿದು ಕೂತಿದ್ದಳು. ‘ಇದು ಎಲ್ಲಿಗೆ ರೀ? ಸ್ವಲ್ಪ ಹೇಳಿಕೊಡಿ’ ಅಂದಳು. ನಾನು ಹತ್ತಿರ ಹೋಗಿ, ಅವಳದೇ ಕಾನೂನು ಅವಳಿಗೇ ತೋರಿಸುತ್ತೇನೆ ಅಂತ ಠೀವಿಯಿಂದ ಕೈ ಹಿಂದೆ ಕಟ್ಟಿ ನಿಂತೆ. ಅವಳು ಆ ತುಂಡನ್ನು ತಿರುಗಿಸಿದಳು, ಇಟ್ಟಳು, ತೆಗೆದಳು. ನಾನು ಮೀಸೆಯಲ್ಲೇ ನಗುತ್ತಾ ನಿಂತಿದ್ದೆ. ಎಷ್ಟು ಹೊತ್ತು ಅಂತೀಯ, ಕಾವಲುಗಾರ ಬೀಗದ ಕೈ ಹಿಡಿದು ಬರುವವರೆಗೆ. ಹಾಲ್‌ನಲ್ಲಿ ಒಂದು ನರಪಿಳ್ಳೆ ಇಲ್ಲ, ಯಾರಿಗೋಸ್ಕರ ಈ ನಾಟಕ ಅಂತ ಆಗ ಹೊಳೆಯಿತು. ಬಗ್ಗಿ ನೋಡಿದರೆ ಅವಳ ಕೆನ್ನೆಯೆಲ್ಲ ಒದ್ದೆ.

ಡಾಕ್ಟರು ಒಂದು ಹಾಳೆ ಕೊಟ್ಟು ಗಡಿಯಾರ ಬರೆಯಿರಿ ಅಂದರು. ಅವಳು ವೃತ್ತವನ್ನು ಎಂಥಾ ಚೆಂದ ಎಳೆದಳು ಗೊತ್ತಾ, ಕೈವಾರ ಇಟ್ಟು ಎಳೆದ ಹಾಗೆ. ಆಮೇಲೆ ಹನ್ನೆರಡು ಅಂಕಿಗಳನ್ನೂ ಒಂದೇ ಮಗ್ಗುಲಿಗೆ ಬರೆದಳು. ನಾನು ಆಗಲೂ, ದಡ್ಡ, ಡಾಕ್ಟರಿಗೂ ಪಾಠ ಶುರು ಮಾಡಿದಳಲ್ಲ ಅಂದುಕೊಂಡು ಅವರ ಮುಖ ನೋಡಿದೆ. ಅವರು ನಗಲಿಲ್ಲ. ಮರೆವಿನ ಕಾಯಿಲೆ, ವಾಸಿಯಾಗುವಂಥದ್ದಲ್ಲ, ಶುರುವಾಗಿ ಎರಡು ವರ್ಷವಾದರೂ ಆಗಿರಬೇಕು ಅಂದರು. ಎರಡು ವರ್ಷ ಅಂದ ಕೂಡಲೇ ನನಗೆ ನೆನಪಾದದ್ದು ಜುಲೈ ತಿಂಗಳ ನಿನ್ನ ಫೋನು.

ಅದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ನೀನು ಕೆಲಸಕ್ಕೆ ಅಂತ ಹೊರಟಾಗಲೇ ಅವಳು ‘ಹೋಗು, ಮೋಡ ಎಣಿಸ್ಕೊಂಡು ಕೂತ್ಕೋ’ ಅಂತ ಚುಚ್ಚಿದ್ದಳು, ನಿನಗೆ ಆ ಗಾಯ ಇತ್ತು. ಅಷ್ಟಾದರೂ ನೀನಾಗಿಯೇ ಫೋನ್ ಮಾಡಿದೆ. ಅವಳು ‘ಯಾರಮ್ಮ ನೀನು? ನನಗೆ ಗೊತ್ತಾಗ್ತಾ ಇಲ್ಲ, ಸ್ವಲ್ಪ ಹೇಳಿಕೊಡು’ ಅಂದಳು. ನೀನು ‘ನನ್ನ ಹತ್ರಾನೂ ಪ್ರದರ್ಶನದ ನಾಟಕ ಆಡ್ತೀಯಾ ಅಮ್ಮಾ’ ಅಂತ ಕೂಗಿದ್ದು ಆಚೆ ಕುರ್ಚಿಯಲ್ಲಿದ್ದ ನನಗೂ ಕೇಳಿಸಿತು. ಆಗ ನಾನು ನಕ್ಕೆ ಮರೀ. ಜೋರಾಗಿ ನಕ್ಕೆ. ತಾಯಿ ಮಗಳ ಜಗಳ, ಬೆಳಗಾದರೆ ಸರಿಹೋಗುತ್ತದೆ ಅಂದುಕೊಂಡು ನಕ್ಕೆ. ಆ ನಗು ನಿನ್ನ ಕಿವಿಗೆ ಬಿದ್ದಿತ್ತು, ಅದಕ್ಕೇ ನೀನು ಫೋನ್ ಇಟ್ಟದ್ದು. ಅಪ್ಪ ಅಮ್ಮ ಸೇರಿ ಹಾಸ್ಯ ಮಾಡಿದರು ಅಂದುಕೊಂಡೆ, ಅಲ್ಲವಾ? ಅವಳು ನಿಜವಾಗಿ ಕೇಳಿದ್ದಳು. ನಿನ್ನ ಕೋಪಕ್ಕೆ ಕಾರಣ ಅವಳಲ್ಲ, ನಾನು. ಆ ದಿನ ನೀನು ಏನೋ ಹೇಳಲು ಫೋನ್ ಮಾಡಿದ್ದೆ. ಅದೇನು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ನವೆಂಬರಿನಲ್ಲೇ ಯಾಕೆ ಬರೆಯಲಿಲ್ಲ ಅಂತ ಕೇಳುತ್ತೀಯ. ನಾಲ್ಕು ಕಾಗದ ಬರೆದು ಹರಿದೆ. ಬರೆದುಬಿಟ್ಟರೆ ನಿಜವಾಗಿಬಿಡುತ್ತದೆ ಅನ್ನುವ ಭಯ.

ಪ್ರದರ್ಶನ ನಿಲ್ಲಿಸಿ ಅವಳನ್ನು ಮನೆಯಲ್ಲಿ ಕೂರಿಸಿ ನೋಡಿದೆ, ಬಾಗಿಲು ಬಾಗಿಲಿಗೂ ಅಲೆದು ಅತ್ತಳು. ಹಾಲ್‌ನಲ್ಲಿ ಮಕ್ಕಳ ಗಲಾಟೆಯ ನಡುವೆ ಸಮಾಧಾನವಾಗಿರುತ್ತಾಳೆ, ಅದಕ್ಕೇ ಕರೆದುಕೊಂಡು ತಿರುಗುತ್ತಿದ್ದೇನೆ. ಈಗ ಮಕ್ಕಳು ಹೇಳಿಕೊಟ್ಟದ್ದನ್ನು ಅವಳು ನಿಜವಾಗಿ ಕಲಿಯುತ್ತಾಳೆ. ಕಮಾನು ನಿಂತಾಗ ಚಪ್ಪಾಳೆ ತಟ್ಟುತ್ತಾಳೆ, ಮಾರನೆಯ ದಿನ ಮತ್ತೆ ಮೊದಲಿನಿಂದ. ಸೋಮವಾರ ಮಕ್ಕಳು ಬರುವ ಮೊದಲು ಒಬ್ಬಳೇ ತಡಕಾಡುವುದನ್ನು ನೋಡಲಾಗದೆ ಪ್ರತಿ ತುಂಡಿಗೂ ಸೀಮೆಸುಣ್ಣದಲ್ಲಿ ನಂಬರ್ ಬರೆದಿಟ್ಟೆ. ಚಹಾ ತರಲು ಹೋಗಿ ಬರುವಷ್ಟರಲ್ಲಿ ಅವಳು ಒರೆಸುವ ಬಟ್ಟೆ ಹಿಡಿದು ಹತ್ತೊಂಬತ್ತನ್ನೂ ಉಜ್ಜಿ ಉಜ್ಜಿ ಅಳಿಸಿದ್ದಳು. ‘ಯಾರೋ ತಲೆಹರಟೆ ನಂಬರ್ ಬರೆದುಬಿಟ್ಟಿದ್ದಾನೆ, ಮಕ್ಕಳಿಗೆ ಏನು ಉಳೀತು’ ಅಂತ ನನ್ನ ಹತ್ತಿರವೇ ದೂರು ಹೇಳಿದಳು. ತುಂಡಿನ ಜಾಗ ಮರೆತಿದ್ದಾಳೆ, ಕಾನೂನು ಮರೆತಿಲ್ಲ. ಚಹಾದ ಲೋಟ ಹಿಡಿದುಕೊಂಡೇ ಅತ್ತೆ.

ಹೊಟ್ಟೆ ತುಂಬ ಊಟ ಮಾಡು, ಕಿವಿಗೆ ಬಟ್ಟೆ ಕಟ್ಟು. ನಿನ್ನ ಜೊತೆ ಕೋಣೆ ಹಂಚಿಕೊಂಡ ಆ ನರ್ಸಮ್ಮನಿಗೆ ನನ್ನ ನಮಸ್ಕಾರ ಹೇಳು. ಎಲ್ಲಿದ್ದರೂ ಚೆನ್ನಾಗಿರು, ನಿನ್ನ ಆಕಾಶ ತಿಳಿಯಾಗಿರಲಿ.

ನಿನ್ನ,
ಅಪ್ಪ

ಮರೆತಿದ್ದೆ, ಟಪಾಲಿನವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಇದೇ ಕೊನೆಯ ಊರು. ೨೨ರ ಭಾನುವಾರ ಪ್ರದರ್ಶನ ಮುಚ್ಚುತ್ತದೆ, ಕಮಾನನ್ನು ಈ ಶಾಲೆಗೇ ಕೊಡುತ್ತೇವೆ. ಇನ್ನೊಂದು ವಿಷಯ. ಮದುವೆಯಾದಾಗಿನಿಂದ ‘ರೀ’ ಅನ್ನುತ್ತಿದ್ದವಳು ಮೊನ್ನೆಯಿಂದ ನನ್ನನ್ನು ‘ಡ್ರೈವರ್ ಅವರೇ’ ಅನ್ನುತ್ತಿದ್ದಾಳೆ. ಇರಲಿ, ಡ್ರೈವರೂ ಹೌದಲ್ಲ ನಾನು. ನಿನ್ನೆ ವ್ಯಾನಿನಲ್ಲಿ ಪಕ್ಕ ಕೂತು, ‘ಡ್ರೈವರ್ ಅವರೇ, ನನ್ನ ಮಗಳು ನನ್ನ ಮೇಲೆ ಕೋಪ ಮಾಡ್ಕೊಂಡಿದ್ದಾಳೆ. ಯಾಕೆ ಅಂತ ಎಷ್ಟು ಯೋಚಿಸಿದ್ರೂ ನೆನಪಾಗ್ತಾ ಇಲ್ಲ. ನಿಮಗೇನಾದ್ರೂ ಗೊತ್ತಾ? ಸ್ವಲ್ಪ ಹೇಳಿಕೊಡಿ’ ಅಂದಳು. ಗೊತ್ತಿದ್ದೂ ನಾನು ಎರಡನೇ ಗೇರಿಗೆ ಬೈಯುತ್ತಾ ವ್ಯಾನು ಓಡಿಸಿದೆ. ನೀನು ಬಂದರೆ ‘ಯಾರಮ್ಮ ನೀನು’ ಅಂತಲೇ ಕೇಳುತ್ತಾಳೆ. ಕೇಳಿದಾಗ ಕೈ ಹಿಂದೆ ಕಟ್ಟಬೇಡ ಮರೀ, ಹೇಳಿಕೊಡು. ೨೨ರೊಳಗೆ ಬಾ.