ತೆರೆದಿಟ್ಟ ಖಾಲಿ ಜಾಗ

ವಿದ್ಯಾರಣ್ಯಪುರ,
ಫೆಬ್ರವರಿ 9, 2025

ಚಿ. ರಕ್ಷಾಗೆ ಅಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾಯಿತೆಂದು ಬೇಸರಿಸಬೇಡ, ಬರೆಯಲು ಕೂತಾಗಲೆಲ್ಲ ಎದ್ದುಬಿಡುತ್ತಿದ್ದೆ. ಅಮ್ಮನ ಮಂಡಿನೋವು ಕಡಿಮೆಯಾಗಿದೆ. ಧಾರವಾಡದ ಹಾಸ್ಟೆಲ್ ಊಟ ಈಗಲಾದರೂ ಒಗ್ಗಿತೇ?

ಜಮೀರ್ ಅಂಕಲ್ ಏಕೆ ಫೋನ್ ತೆಗೆಯುತ್ತಿಲ್ಲ ಎಂದು ಕೇಳಿದ್ದೀಯ. ಅವನ ಕೆಲಸ ಹೋಗಿದೆ.

ಜಕ್ಕೂರಿನ ಕಚೇರಿಯಲ್ಲಿ ನಾವಿಬ್ಬರೂ ಕಾಲೇಜುಗಳಿಗಾಗಿ ಪುಟ್ಟದೊಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟುತ್ತಿದ್ದುದು ನಿನಗೆ ಗೊತ್ತು. ಹೋದ ವರ್ಷ ಅದಕ್ಕೊಂದು ಸೌಲಭ್ಯ ಸೇರಿಸಬೇಕಿತ್ತು. ವಾಕ್ಯದ ನಡುವೆ ಖಾಲಿ ಜಾಗ ಬಿಟ್ಟರೆ ಅರ್ಜಿಯಲ್ಲಿ ತುಂಬಿದ ಹೆಸರೋ ಅಂಕವೋ ತಾನಾಗಿ ಅಲ್ಲಿ ಬಂದು ಕೂರಬೇಕು. ಬಂದದ್ದನ್ನು ಹಾಗೇ ಕೂರಿಸಿದರೆ ಪ್ರೋಗ್ರಾಮ್ ಬರೆಯುವವರಿಗೆ ಸಲೀಸು. ಆದರೆ ಯಾರಾದರೂ ಹೆಸರಿನ ಬದಲು ಆಜ್ಞೆಯೊಂದನ್ನು ತುಂಬಿದರೆ ಕಂಪ್ಯೂಟರ್ ಅದನ್ನೂ ಪಾಲಿಸಿಬಿಡುತ್ತದೆ. ಪ್ರತಿಯೊಂದನ್ನೂ ತಪಾಸಣೆ ಮಾಡಿ ಒಳಗೆ ಬಿಟ್ಟರೆ ಭಯವಿಲ್ಲ, ಒಂದು ಸಾಲಿನ ಕೆಲಸಕ್ಕೆ ನಾಲ್ಕು ಸಾಲು ಬರೆಯಬೇಕು ಅಷ್ಟೆ. ನಮ್ಮ ಮುಖ್ಯಸ್ಥೆ ಸರಳಾ ಅವರಿಗೆ ಸಲೀಸಾದದ್ದೇ ಬೇಕಿತ್ತು. ನಾನು ಅದನ್ನೇ ಆರಿಸಿದೆ, ಜಮೀರ್ ಬರೆದುಕೊಟ್ಟ.

ನವೆಂಬರಿನಲ್ಲಿ ಒಂದು ಕಾಲೇಜಿನಲ್ಲಿ ಯಾರೋ ಹೆಸರಿನ ಜಾಗದಲ್ಲಿ ಎಲ್ಲವನ್ನೂ ಅಳಿಸುವ ಆಜ್ಞೆ ತುಂಬಿದರು. ಇನ್ನೂರು ಮಕ್ಕಳ ಪರೀಕ್ಷೆಯ ಅರ್ಜಿ ಅಳಿಸಿಹೋಯಿತು. ಅವರಿಗೆ ಆ ಸಲ ಪರೀಕ್ಷೆಗೇ ಕೂರಲಾಗಲಿಲ್ಲ. ವಿಚಾರಣೆ ನಡೆಯಿತು. ಬರೆದವನಿಗೆ ಅಪಾಯ ಗೊತ್ತಿರಲೇಬೇಕು, ಗೊತ್ತಿದ್ದೂ ಹೇಳಲಿಲ್ಲವೆಂದು ಜಮೀರನನ್ನು ತೆಗೆದರು.

ಆ ಭಾಷೆಯನ್ನೇ ಸರಿಪಡಿಸಿ ಎನ್ನುತ್ತೀಯೇನೋ. ಹೇಗೆ? ಈಗ ನಿಯಮ ಬಿಗಿ ಮಾಡಿದರೆ ಹಳೆಯ ರೀತಿಯಲ್ಲಿ ಬರೆದ ಸಾವಿರಾರು ಪ್ರೋಗ್ರಾಮುಗಳು ಒಂದೇ ದಿನ ನಿಂತುಹೋಗುತ್ತವೆ. ಹಾಗೇ ಬಿಟ್ಟರೆ ನಾಳೆ ಇನ್ನೊಂದು ಕಾಲೇಜು. "ನೀವೇ ಆರಿಸಿದ್ದು, ನೀವೇ ಕಾಯ್ಕೊಂಡು ಕೂತ್ಕೊಳ್ಳಿ ಸೋಮನಾಥ್" ಎಂದರು ಸರಳಾ. ಐವತ್ತಾರರ ನನ್ನನ್ನು ಬೇರೆ ಯಾರು ಕೆಲಸಕ್ಕೆ ಕರೆಯುತ್ತಾರೆ? ಎಲ್ಲಿಂದ ಯಾವ ಹೆಸರು ಬಂತೆಂದು ದಿನವಿಡೀ ನೋಡುತ್ತಾ ಕೂರುತ್ತೇನೆ. ಕಿಟಕಿಯಾಚೆ ತರಬೇತಿ ವಿಮಾನಗಳು ಏರುತ್ತವೆ, ಇಳಿಯುತ್ತವೆ. ನಾನು ಊಟಕ್ಕೂ ಏಳುವುದಿಲ್ಲ.

ಹೋದ ಭಾನುವಾರ ಆರ್.ಟಿ. ನಗರಕ್ಕೆ, ಜಮೀರನ ಮನೆಗೆ ಹೋಗಿದ್ದೆ. ಹೊರಗೆ ಹೋಗಿದ್ದಾರೆ ಎಂದರು ಅವನ ಹೆಂಡತಿ. ಅವನ ಚಪ್ಪಲಿ ಬಾಗಿಲಲ್ಲೇ ಇತ್ತು. ತಿರುಗಿ ಬಂದೆ.

ವೇಳೆಗೆ ಸರಿಯಾಗಿ ಉಣ್ಣು, ಚೆನ್ನಾಗಿ ಓದು. ಯಾರೆದುರೂ ತಲೆ ತಗ್ಗಿಸದಂತೆ ಬಾಳು ಮಗಳೇ.

ನಿನ್ನ ಅಪ್ಪ,
ಸೋಮನಾಥ

ತಾ.ಕ.: ಇದನ್ನು ಮೇಲೆ ಬರೆಯಲಾಗಲಿಲ್ಲ. "ಸರ್, ಇದು ಬೇಡ. ಬಾಗ್ಲು ತೆಗೆದಿಟ್ಟಂಗಾಗುತ್ತೆ" ಎಂದು ಜಮೀರ್ ಮೊದಲೇ ಹೇಳಿದ್ದ. ಮೇಲ್ ಕೂಡ ಕಳಿಸಿದ್ದ, ನನಗೊಬ್ಬನಿಗೇ. ಯಾರಾದರೂ ಎಚ್ಚರಿಸಿದ್ದರೇ ಎಂದು ವಿಚಾರಣೆಯಲ್ಲಿ ಕೇಳಿದಾಗ ಅವನು ನನ್ನ ಪಕ್ಕದಲ್ಲೇ ಕೂತಿದ್ದ. ನಾನು "ಇಲ್ಲ" ಎಂದೆ. ಅವನು ನನ್ನ ಮುಖ ನೋಡಿ, ತಾನು ಕಳಿಸಿದ ಮೇಲ್ ತೋರಿಸಲೂ ನಿಲ್ಲದೆ ಎದ್ದುಹೋದ. ಆ ಮೇಲ್ ನನ್ನ ಬಳಿಯೇ ಇದೆ. ನಾಳೆ ಸರಳಾ ಅವರಿಗೆ ತೋರಿಸುತ್ತೇನೆ ಎಂದು ದಿನವೂ ಅಂದುಕೊಂಡೇ ಮನೆಗೆ ಬರುತ್ತೇನೆ.