ನನ್ನ ಡಾಕ್ಟರ್ ಸಾಯುವ ಎಪಿಸೋಡು

ಸೆಪ್ಟೆಂಬರ್ 8, 2006. ಜರ್ಮನ್‌ಟೌನ್, ಅಮೆರಿಕ

ಗೋಪಿಯನ್ನು ಲ್ಯಾಬಿಗೆ ಬಿಟ್ಟು ಬಂದೆ. 270 ಹೈವೇಯಲ್ಲಿ ಎಂದಿನ ಟ್ರಾಫಿಕ್. ಮನೆಗೆ ಬಂದರೆ ಲಂಡನ್ನಿನಿಂದ ಹೆಲೆನ್ ಫೋನು — ನಮ್ಮ ಆಸ್ಪತ್ರೆ ಸೀರಿಯಲ್ಲಿನ ಪ್ರೊಡ್ಯೂಸರ್. ನಾನು ಮಾಡುವ ಡಾಕ್ಟರ್ ಪಾತ್ರ ಸಾಯಬೇಕಂತೆ. ಆ ಎಪಿಸೋಡು ನೀನೇ ಬರಿ ಅಂದಳು.

ಒಂದೇ ಒಂದು ಎಪಿಸೋಡು ಬರೆಯಲು ಕೊಡಿ ಅಂತ ಎಷ್ಟು ವರ್ಷ ಗೋಗರೆದಿದ್ದೆ! ಕೊಟ್ಟರು ನೋಡು, ನನ್ನ ತಿಥಿಯದನ್ನೇ. ಚೆನ್ನಾಗಿ ಬಂದರೆ ರೈಟರ್ ಆಗಿ ಇಟ್ಟುಕೊಳ್ಳುತ್ತಾರೆ. ಇಲ್ಲದಿದ್ದರೆ ನಟನೆಯೂ ಹೋಯಿತು, ಬರವಣಿಗೆಯೂ ಹೋಯಿತು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಸೆಪ್ಟೆಂಬರ್ 10

ಗೋಪಿಗೆ ಒಳಗೊಳಗೇ ಖುಷಿ. ಮದುವೆಯಾಗಿ ಇಲ್ಲಿಗೆ ಬಂದ ಮೇಲೂ ಶೂಟಿಂಗಿಗೆ ಲಂಡನ್ನಿಗೆ ಹಾರುವವಳು ನಾನು. ಇನ್ನಾದರೂ ಹೆಂಡತಿ ಮನೆಯಲ್ಲಿರುತ್ತಾಳಲ್ಲ ಅಂದ. ಅವನ ಜೊತೆ ಮಾತು ಬಿಟ್ಟೆ. ಅತ್ತೆ ಮಾತ್ರ, ಹೇಗೆ ಸಾಯ್ತೀಯ ಅಂತ ಕೇಳಿದರು. ಯಾರಿಗೆ ಗೊತ್ತು...

ಸೆಪ್ಟೆಂಬರ್ 26

ಮೊದಲು ಬರೆದದ್ದರಲ್ಲಿ ಡಾಕ್ಟರನ್ನು ಸ್ಕಾಟ್ಲೆಂಡಿಗೆ ಟ್ರಾನ್ಸ್‌ಫರ್ ಮಾಡಿದ್ದೆ. ಹೆಲೆನ್ ವಾಪಸ್ ಕಳಿಸಿದಳು — ಸಾಯಿಸು. ಸರಿ, ಸಾಯಿಸಿದೆ. ಸಾಯುವ ಮುಂಚೆ ಪುಟಗಟ್ಟಲೆ ಭಾಷಣ. ನಟಿಯ ಆಸೆ! ಓದಿದರೆ ನನಗೇ ನಗು. ಶುಕ್ರವಾರದೊಳಗೆ ಸರಿಮಾಡದಿದ್ದರೆ ಬೇರೆಯವರಿಗೆ ಕೊಡುತ್ತಾಳಂತೆ.

ಸೆಪ್ಟೆಂಬರ್ 28, ಮಧ್ಯಾಹ್ನ

ಬರೆದದ್ದನ್ನು ಆಡಿ ನೋಡದೆ ನನಗೆ ತಿಳಿಯುವುದಿಲ್ಲ. ಹಾಲ್‌ನಲ್ಲಿ ಕಾರ್ಪೆಟ್ಟಿನ ಮೇಲೆ ಬಿದ್ದು, ಉಸಿರು ಹಿಡಿದು, ಸತ್ತೆ. ಅತ್ತೆ ವಾಕಿಂಗಿನಿಂದ ಬಂದರು. ಕೂಗಲಿಲ್ಲ. ಪಕ್ಕ ಕೂತು ಕೆನ್ನೆ ತಟ್ಟಿದರು.

“ಇಂದೂ, ಅನ್ನ ಆರ್ತಾ ಇದೆ. ಎದ್ದು ಎರಡು ತುತ್ತು ತಿನ್ನಮ್ಮ, ಆಮೇಲೆ ಮಲಗುವಿಯಂತೆ.”

ಕಣ್ಣು ಬಿಡಬೇಕಿತ್ತು. ಬಿಡಲಿಲ್ಲ — ಇನ್ನೇನು ಹೇಳುತ್ತಾರೋ ಕೇಳಬೇಕೆನಿಸಿತು. ಥೂ, ಎಂಥ ಹೆಂಗಸು ನಾನು. ಅತ್ತೆ 911ಗೆ ಫೋನ್ ಮಾಡಿ ಕನ್ನಡದಲ್ಲೇ ಅಳತೊಡಗಿದಾಗ ಎದ್ದು ಫೋನು ಕಸಿದುಕೊಂಡೆ. ಆದರೂ ಆಂಬುಲೆನ್ಸ್ ಬಂತು. ಸಾರಿ ಕೇಳಿ ಕಳಿಸಿದ್ದಾಯಿತು.

ಅತ್ತೆ ಬೈಯಲಿಲ್ಲ. ನನ್ನನ್ನು ಕೂರಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಸ್ಮೋಕ್ ಅಲಾರಂ ಬಡಿದುಕೊಂಡಿತು. ಟವೆಲ್ ಬೀಸುತ್ತ ನನಗೆ ಅಳು, ಕೆಮ್ಮುತ್ತ ಅವರಿಗೂ ಅಳು.

ಸೆಪ್ಟೆಂಬರ್ 29

ನಿನ್ನೆಯ ನಿಮ್ಮ ಮಾತು ಸ್ಕ್ರಿಪ್ಟಿಗೆ ಬರೆದುಕೊಳ್ಳಲಾ ಅಂತ ಅತ್ತೆಯನ್ನು ಕೇಳಿದೆ.

“ಅದ್ರಲ್ಲೇನಿದೆ ಬರಿಯೋಕೆ?”

ಭಾಷಣ ಪೂರಾ ಹೊಡೆದುಹಾಕಿದೆ. ಡಾಕ್ಟರ್ ಆಗಲೇ ಸತ್ತುಹೋಗಿದ್ದಾಳೆ. ಅವಳ ತಾಯಿ ಊಟಕ್ಕೆ ಏಳಿಸುತ್ತಿದ್ದಾಳೆ. ಅಷ್ಟೇ. ಕಳಿಸಿದೆ.

ಅಕ್ಟೋಬರ್ 3

ಹೆಲೆನ್ ಅತ್ತಳಂತೆ. ರೈಟರ್ ಕೆಲಸ ಗ್ಯಾರಂಟಿ! ಸಂತೋಷಕ್ಕೆ ಕೂರಲಾಗದೆ ಸುಮ್ಮನೆ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸ್ ಸುತ್ತಿದೆ. ಆದರೂ ಅತ್ತೆಯ ಮುಖ ನೋಡಲು ಸಂಕೋಚ.

ನವೆಂಬರ್ 11. ಡಲಸ್ ಏರ್‌ಪೋರ್ಟ್

ಕೊನೆಯ ಶೂಟಿಂಗಿಗೆ ಹೊರಟಿದ್ದೇನೆ. ಪಾರ್ಕಿಂಗಿನಲ್ಲಿ ಗೋಪಿ ಸ್ಕ್ರಿಪ್ಟ್ ಕೇಳಿದ. ಪ್ರತಿ ಸಲ ನನಗೆ ಸಂಭಾಷಣೆಯ ಲೈನ್ಸ್ ಹೇಳಿಸುವವನು ಅವನೇ. ಕೊನೆಯ ದೃಶ್ಯದ ಪುಟ ತಿರುವಿದ, ಮತ್ತೆ ತಿರುವಿದ.

“ನಿನ್ನ ಲೈನ್ಸ್ ಎಲ್ಲಿ?”

ಇಲ್ಲ ಅಂದೆ. ಅವನು ನನ್ನ ಮುಖವನ್ನೇ ನೋಡಿದ. ಒಂದು ಮಾತು ಕಡಿಮೆ ಮಾಡಿದರೆ ಸೆಟ್ಟನ್ನೇ ತಲೆಕೆಳಗು ಮಾಡುತ್ತಿದ್ದವಳು ನಾನು. ಈ ಸಲ ಯಾರ ಮೇಲೆ ಕೂಗಾಡಲಿ? ಕಿತ್ತುಹಾಕಿದವಳು ನಾನೇ.