ಇತ್ತ ನಾವೆಲ್ಲ ಕ್ಷೇಮ

೩ ಫೆಬ್ರವರಿ ೧೯೭೪, ಭಾನುವಾರ

ಊರಿಗೆ ಕಾಗದ. ಏರೋಗ್ರಾಮ್ ಹಾಳಾಗಬಾರದೆಂದು ಎಂದಿನಂತೆ ಮೊದಲು ಇಲ್ಲಿ ಕರಡು.

“ಚಿ. ಗುರುರಾಜನಿಗೆ ಅಕ್ಕನ ಆಶೀರ್ವಾದ. ಇತ್ತ ನಾವೆಲ್ಲ ಕ್ಷೇಮ. ನಿನ್ನ ಮಂಡಿನೋವು ಹೇಗಿದೆ? ಶೈಲಮ್ಮನ ಬಿ.ಪಿ. ಇಳಿಯಿತೇ? ವಿಜಿಯ ಕೆಮ್ಮು? ಸುಬ್ಬುವಿನ ಹಲ್ಲು ಕೀಳಿಸಿದಿರಾ? ಪ್ರಭಾಗೆ ಲ್ಯಾಬಿನಲ್ಲಿ ಕೆಲಸ ಬಹಳ, ಅದಕ್ಕೇ ಈ ಸಲ ಅವಳ ಕೈಯಿಂದ ಎರಡು ಸಾಲಿಲ್ಲ...”

ಆ ಸಾಲು ಎಲ್ಲಿಂದ ಬರಬೇಕು? ಜನವರಿ ಒಂಬತ್ತರಂದು ತಂಗಿ ಅದೇ ಲ್ಯಾಬಿನಲ್ಲಿ ಪಿಪೆಟ್ ಹಿಡಿದಿದ್ದ ಹಾಗೆಯೇ ಕುಸಿದಳು. ಸ್ಟ್ರೋಕ್. ನಲವತ್ತೊಂಬತ್ತನೆಯ ವಯಸ್ಸಿಗೆ. ಬಲಗೈ, ಬಲಗಾಲು ಎರಡೂ. ಆಸ್ಪತ್ರೆಯಲ್ಲಿ ಎರಡು ವಾರ, ಈಗ ಹತ್ತು ದಿನದಿಂದ ನರ್ಸಿಂಗ್ ಹೋಮ್. ಥೆರಪಿಯ ಮಿಸೆಸ್ ಕೋಲ್‌ಮನ್ ದಿನಾ ಎರಡು ಕಂಬಿಗಳ ನಡುವೆ ನಿಲ್ಲಿಸುತ್ತಾಳೆ, ಬೆರಳು ಒಂದೊಂದಾಗಿ ಬಿಡಿಸುತ್ತಾಳೆ. ಹೆಬ್ಬೆರಳು ಅಲುಗಿದೆ. ಒಂದು ವಾರ ತಪ್ಪಿದರೆ ಒಂದು ತಿಂಗಳು ಹಿಂದೆ ಹೋದ ಹಾಗೆ ಎಂದಳು.

“ಊರಿಗೆ ಬರೀಬ್ಯಾಡ ಅಕ್ಕಾ” ಅಂದಿದ್ದಾಳೆ ಪ್ರಭಾ, ಸೊಟ್ಟ ಬಾಯಲ್ಲಿ. ಬರೆದಿಲ್ಲ.

೧೧ ಫೆಬ್ರವರಿ, ಸೋಮವಾರ

ಇನ್ಶೂರೆನ್ಸ್ ಕಂಪೆನಿಯಿಂದ ಫಾರ್ಮ್. ರೋಗಿ ಈಗ ಹೇಗಿದ್ದಾಳೆ, ಮನೆಯವರು ತಿಳಿಸಬೇಕು. ಪಕ್ಕದ ಅಪಾರ್ಟ್‌ಮೆಂಟಿನ ಅಶ್ವತ್ಥನಾರಾಯಣ — ಇಲ್ಲಿನ ರಟ್‌ಗರ್ಸ್ ಯೂನಿವರ್ಸಿಟಿಯಲ್ಲಿ ಓದುವ ಮೈಸೂರಿನ ಹುಡುಗ — ಪೆಟ್ರೋಲ್ ಕ್ಯೂನಲ್ಲಿ ನಿಲ್ಲಲು ಹೋಗಿದ್ದ. ನಾನೇ ಬರೆದೆ. ಶಾಲೆ ಮೂರನೆಯ ಇಯತ್ತೆಗೇ ನಿಂತವಳು ಡಿಕ್ಷನರಿ ಇಟ್ಟುಕೊಂಡು ಒಂದು ಪುಟ ಇಂಗ್ಲಿಷ್! ಮರ್ಯಾದೆಯಾಗಿ ಶುರು ಮಾಡಿದೆ: ದೇವರ ದಯೆ ಮತ್ತು ತಮ್ಮ ಸಹಾಯದಿಂದ ನಾವೆಲ್ಲ ಇಲ್ಲಿ ಕ್ಷೇಮ, ತಂಗಿ ದಿನೇ ದಿನೇ ಸುಧಾರಿಸುತ್ತಿದ್ದಾಳೆ, ತಮ್ಮ ಮನೆಯವರೆಲ್ಲ ಕ್ಷೇಮವೆಂದು ನಂಬಿರುತ್ತೇನೆ. ಕಷ್ಟವೆಲ್ಲ ಆಮೇಲೆ, ಕೆಳಗೆ. ಏಳಲು ಇಬ್ಬರು ಬೇಕು, ನುಂಗುವಾಗ ನರ್ಸ್ ಪಕ್ಕದಲ್ಲಿರಬೇಕು, ಎಲ್ಲಾ.

ಹೆಮ್ಮೆಯಿಂದ ಎರಡು ಲೋಟ ಕಾಫಿ ಕುಡಿದೆ.

೨೭ ಫೆಬ್ರವರಿ, ಬುಧವಾರ

ಡಿನೈಡ್.

ಪಾಲಿಸಿಯಲ್ಲಿ ನರ್ಸಿಂಗ್ ಹೋಮಿಗೆ ಅರವತ್ತು ದಿನ ಇದೆ. ಮೂವತ್ತೈದಕ್ಕೇ ನಿಲ್ಲಿಸಿದರು. ಇದು ಚಿಕಿತ್ಸೆ ಅಲ್ಲವಂತೆ, ‘ಕಸ್ಟೋಡಿಯಲ್ ಕೇರ್’ ಅಂತೆ. ಬರೀ ನೋಡಿಕೊಳ್ಳುವುದು, ಅದು ಮನೆಯಲ್ಲೂ ಆಗುತ್ತದಂತೆ. ಕಾರಣ? ‘ರೋಗಿ ಕ್ಷೇಮವಾಗಿದ್ದಾಳೆ ಎಂದು ಕುಟುಂಬದವರೇ ಬರೆದಿದ್ದಾರೆ.’ ನನ್ನ ವಾಕ್ಯ. ನನ್ನದೇ ವಾಕ್ಯ ಟೈಪ್ ಮಾಡಿ ನನಗೇ ಕಳಿಸಿದ್ದಾರೆ. ಕೆಳಗಿನ ಕಷ್ಟದಲ್ಲಿ ಒಂದಕ್ಷರವೂ ಇಲ್ಲ.

ಅಶ್ವತ್ಥ ಎರಡು ಸಲ ಓದಿದ. “ಆಂಟಿ, ಇದನ್ನ ನೀವೇ ಬರೆದ್ರಾ? ನನ್ನ ಒಂದು ಮಾತು ಕೇಳಬಾರದಿತ್ತಾ?”

ಸಹಿ: ಆರ್. ಹ್ಯಾಡ್ಲಿ, ಕ್ಲೇಮ್ಸ್ ಎಗ್ಸಾಮಿನರ್, ನ್ಯೂಆರ್ಕ್. ಹ್ಯಾಡ್ಲಿ. ಹ್ಯಾಡ್ಲಿ. ಮರೆಯಬಾರದೆಂದು ಬರೆದುಕೊಂಡೆ.

ಇವತ್ತಿನಿಂದ ಕಾಫಿ ಬಿಟ್ಟೆ. ಕಾಶಿಯಲ್ಲಿ ಬಿಟ್ಟದ್ದು ಬರೀ ಹೀರೇಕಾಯಿ. ಅದಕ್ಕಿಂತ ಇದು ದೊಡ್ಡದು. ಅವನು ಬಗ್ಗುವ ತನಕ.

೪ ಮಾರ್ಚ್, ಸೋಮವಾರ

ಪ್ರಭಾಳನ್ನು ಮನೆಗೆ ತಂದೆವು. ಕೈಯಿಂದ ರೊಕ್ಕ ಕೊಟ್ಟು ಅಲ್ಲಿ ಇರಿಸುವ ಶಕ್ತಿ ಇಲ್ಲ. ಅಶ್ವತ್ಥ, ಅವನ ಇಬ್ಬರು ಗೆಳೆಯರು ಕುರ್ಚಿ ಸಮೇತ ಎತ್ತಿದರು. “ಉತ್ಸವಮೂರ್ತಿ ಆದೆ ನೋಡು” ಎಂದಳು. ನಕ್ಕಳು, ಅರ್ಧ ಮುಖದಲ್ಲಿ.

ನನ್ನ ಒಂದು ಸಾಲಿನಿಂದ ಎಂದು ಅವಳಿಗೆ ಹೇಳಿದೆ. ಹೇಳದೆ ಇರಲಾಗಲಿಲ್ಲ. ಗೋಡೆ ಕಡೆ ನೋಡುತ್ತ, “ನನ್ನ ಕೈ ಬರತಿತ್ತು ಅಕ್ಕಾ” ಅಂದಳು. ಅಷ್ಟೇ.

೨೯ ಮಾರ್ಚ್, ಶುಕ್ರವಾರ

ಬರೆಯಲು ಬಿಡುವಿಲ್ಲ. ಎತ್ತುವುದು, ಹೊರಳಿಸುವುದು, ಉಣಿಸುವುದು. ಕೋಲ್‌ಮನ್ ತೋರಿಸಿದಂತೆ ಬೆರಳು ಬಿಡಿಸುತ್ತೇನೆ. ನೋವಿಗೆ ಕಿರುಚುತ್ತಾಳೆ, ನನ್ನ ಕೈ ಸಡಿಲವಾಗುತ್ತದೆ. ಮುಷ್ಟಿ ಬಿಗಿಯುತ್ತಾ ಬಂದಿದೆ.

ಉಳಿದ ಹೊತ್ತು ಪಾಲಿಸಿಯ ಬುಕ್‌ಲೆಟ್ ಪಾರಾಯಣ. ನಲವತ್ತೆರಡು ಪುಟ, ನಾಲ್ಕು ಸಲ ಆಯಿತು. ಪುಟ ೩೧: ಬರೆದು ಕೇಳಿದರೆ ಕಂಪೆನಿಯವರು ಮೇಲಧಿಕಾರಿಯ ಎದುರು ರಿವ್ಯೂ, ಅಂದರೆ ಮರುವಿಚಾರಣೆ, ಕೊಡಬೇಕು. ಕೇಳಿದೆ. ಈ ಸಲ ಅಶ್ವತ್ಥ ಬರೆದ. ಪುಟ ೩೪: ಕ್ಲೇಮಿಗೆ ಸಂಬಂಧಿಸಿದ ಪ್ರತಿಯೊಂದು ಪತ್ರಕ್ಕೂ ಎಗ್ಸಾಮಿನರ್ ಸ್ವತಃ ಲಿಖಿತ ಉತ್ತರ ಕೊಡತಕ್ಕದ್ದು. ಪ್ರತಿಯೊಂದು. ಆ ಸಾಲಿನ ಕೆಳಗೆ ಗೆರೆ ಎಳೆದಿಟ್ಟೆ. ಯಾತಕ್ಕಾದರೂ ಬಂದೀತು.

ಮಿಸೆಸ್ ಕೋಲ್‌ಮನ್ ತನ್ನ ಮೂವತ್ತೈದು ದಿನದ ನೋಟ್ಸ್ ಕಾಪಿ ಮಾಡಿ ಕೊಟ್ಟಳು. ಬಿಡಬೇಡ ಎಂದಳು. ಬಿಡುವವಳ ಹಾಗೆ ಕಂಡೆನೇ?

೧೮ ಏಪ್ರಿಲ್, ಗುರುವಾರ. ಸಂಜೆ

ನ್ಯೂಆರ್ಕ್. ರೇಷ್ಮೆ ಸೀರೆ, ಮೇಲೆ ಪ್ರಭಾಳ ಓವರ್‌ಕೋಟ್, ಜೊತೆಗೆ ಅಶ್ವತ್ಥ. ಹ್ಯಾಡ್ಲಿಯ ರೂಮಿನಲ್ಲೇ ರಿವ್ಯೂ. ಹಲ್ಲು ಮಸೆಯುತ್ತ ಹೋದವಳಿಗೆ ಸಿಕ್ಕಿದ್ದು ಬೊಕ್ಕತಲೆಯ, ಶೀತ ಆದ ಮನುಷ್ಯ. ಮೇಜಿನ ಮೇಲೆ ಫೋಟೋ. ಮೇಲಧಿಕಾರಿ ಬರುವ ತನಕ ಹೆಂಡತಿ ಮಕ್ಕಳ ಹೆಸರು ಕೇಳಿದೆ. ಸಂತೋಷದಿಂದ ಹೇಳಿದ. ಡೊರೊಥಿ, ಕೆವಿನ್, ಸೂಸನ್. ಕೆವಿನ್ ಬೇಸ್‌ಬಾಲಿನಲ್ಲಿ ಕಾಲು ಉಳುಕಿಸಿಕೊಂಡಿದ್ದಾನಂತೆ. ಮನಸ್ಸಿನಲ್ಲಿ ಬರೆದುಕೊಂಡೆ.

ಮೇಲಧಿಕಾರಿ ಬಂದು ಕೂತ. ಹ್ಯಾಡ್ಲಿ ನನ್ನ ವಾಕ್ಯವನ್ನೇ ಓದಿದ. ನಾನು ಚೀಲದಿಂದ ಗುರುರಾಜನ ಹಳೆಯ ಕಾಗದ ತೆಗೆದೆ, ೧೯೭೧ರದು. ಅಶ್ವತ್ಥ ಸಾಲು ಸಾಲಾಗಿ ಇಂಗ್ಲಿಷಿನಲ್ಲಿ ಹೇಳಿದ. ಇತ್ತ ನಾವೆಲ್ಲ ಕ್ಷೇಮ. ಮಂಗಳವಾರ ಅಪ್ಪ ಬಿದ್ದು ಸೊಂಟ ಮುರಿಯಿತು. ಹಿಂದಿನ ಗೋಡೆ ಕುಸಿದಿದೆ. ವಿಜಿಗೆ ಟೈಫಾಯಿಡ್, ಇಪ್ಪತ್ತು ದಿನವಾಯಿತು. ಉಳಿದಂತೆ ಎಲ್ಲ ಕ್ಷೇಮ.

ಇನ್ನೊಂದು ತೆಗೆದೆ. ಇನ್ನೊಂದು. ಹನ್ನೊಂದು ಕಾಗದ, ಒಂದೇ ಮೊದಲ ಸಾಲು.

“ನಮ್ಮಲ್ಲಿ ಕ್ಷೇಮ ಅಂತ ಇಲ್ಲದ ಕಾಗದ ಬಂತಂದರೆ ಯಾರೋ ಸತ್ತರು ಅಂತ” ಎಂದೆ. “ಹಂಗ ಬರೀಬೇಕಿತ್ತೇನ ನಾ, ನಿಮಗ ತಿಳೀಲಿಕ್ಕೆ?”

ಅಶ್ವತ್ಥ ಅದನ್ನೂ ಹೇಳಿದ, ಮೆತ್ತಗೆ. ಮೇಲಧಿಕಾರಿ ನನ್ನ ಫೆಬ್ರವರಿಯ ಕಾಗದ ಕೇಳಿ ತೆಗೆದುಕೊಂಡ. ಕೊನೆಯ ತನಕ ಓದಿದ. ಆಮೇಲೆ ಕೋಲ್‌ಮನ್‌ಳ ನೋಟ್ಸ್. ಆಮೇಲೆ ಹ್ಯಾಡ್ಲಿಯ ಕಡೆ ತಿರುಗಿ, ನೀನು ಕೆಳಗಿನದನ್ನು ಓದಿದ್ದೆಯಾ ಎಂದು ಕೇಳಿದ. ಹ್ಯಾಡ್ಲಿ ಮೂಗು ಒರೆಸಿಕೊಂಡ.

೬ ಮೇ, ಸೋಮವಾರ

ಅಪ್ರೂವ್ಡ್. ಉಳಿದ ಇಪ್ಪತ್ತೈದು ದಿನವೂ. ಪ್ರಭಾಳನ್ನು ಈ ಬೆಳಿಗ್ಗೆ ಮತ್ತೆ ಸೇರಿಸಿದೆವು.

ಮಿಸೆಸ್ ಕೋಲ್‌ಮನ್ ಬಲಗೈ ಹಿಡಿದು ಬಹಳ ಹೊತ್ತು ನೋಡಿದಳು. ಬೆರಳು ಬಿಡಿಸಲು ಹೋದಳು, ನಿಲ್ಲಿಸಿದಳು. ಕಾಲು ಬರುತ್ತದೆ, ಕೋಲು ಹಿಡಿದು ನಡೆಯುತ್ತಾಳೆ ಎಂದಳು. ಕೈ... ಎರಡು ತಿಂಗಳು ಬಹಳ ಆಯಿತು ಎಂದಳು. ಹೆಬ್ಬೆರಳೂ ಮುಷ್ಟಿಯೊಳಗೆ.

ಅಂದರೆ ಲ್ಯಾಬ್ ಮುಗಿಯಿತು.

ಅಶ್ವತ್ಥ ಗೆದ್ದೆವಲ್ಲ ಆಂಟಿ ಎಂದು ಕಾಫಿ ತಂದುಕೊಟ್ಟ. ಕುಡಿಯಲಿಲ್ಲ.

೧೨ ಮೇ, ಭಾನುವಾರ. ನರ್ಸಿಂಗ್ ಹೋಮ್, ಮಧ್ಯಾಹ್ನ

ಪುಟ ೩೪ ನೆನಪಾಯಿತು. ಪ್ರಭಾಳ ಮಂಚದ ಪಕ್ಕ ಕೂತು ಹ್ಯಾಡ್ಲಿಗೆ ಕರಡು ಶುರು ಮಾಡಿದೆ. ಇಂಗ್ಲಿಷಿಗೆ ಆಮೇಲೆ.

“ಬಿಡ ಅಕ್ಕಾ, ರೊಕ್ಕ ಕೊಟ್ಟರಲ್ಲ” ಎಂದಳು ಪ್ರಭಾ.

“ರೊಕ್ಕ ಬಂತು. ಬೆರಳು ಬಂತೇನ?”

ಎಡಗೈಯಿಂದ ನೋಟ್‌ಬುಕ್ ತನ್ನ ಕಡೆ ಎಳೆದುಕೊಂಡು ಓದಿದಳು. “ಆ ಸಣ್ಣ ಹುಡುಗೀನ ಬಿಟ್ಟೀಯಲ್ಲ. ಸೂಸನ್” ಎಂದಳು. ಸೇರಿಸಿದೆ.

“ಮಿಸ್ಟರ್ ಹ್ಯಾಡ್ಲಿಯವರಿಗೆ. ನಿಮ್ಮ ಶೀತ ವಾಸಿಯಾಯಿತೇ? ಡೊರೊಥಿಯವರು ಹೇಗಿದ್ದಾರೆ? ಕೆವಿನ್‌ನ ಕಾಲು? ಸೂಸನ್ ಚೆನ್ನಾಗಿದ್ದಾಳೆಯೇ?

ಇತ್ತ ನಾವು ಕ್ಷೇಮವಾಗಿಲ್ಲ.”

ಸಾವಿನ ಕಾಗದ ಬಿಟ್ಟರೆ ನನ್ನ ಅರವತ್ತೊಂದು ವರ್ಷಗಳಲ್ಲಿ ಹೀಗೆ ಬರೆದದ್ದು ಇದೇ ಮೊದಲು.

“ಈ ವಾರ ನನ್ನ ತಂಗಿ ಎಡಗೈಯಲ್ಲಿ ತಲೆ ಬಾಚಿಕೊಳ್ಳಲು ಕಲಿತಳು. ಹೇಗೆಂದು ವಿವರವಾಗಿ ಕೆಳಗೆ ಬರೆದಿದ್ದೇನೆ, ದಯವಿಟ್ಟು ಕೊನೆಯವರೆಗೆ ಓದಿರಿ. ಗುಂಡಿ ಹಾಕಿಕೊಳ್ಳುವ ವಿಷಯ ಮುಂದಿನ ಭಾನುವಾರ ಬರೆಯುತ್ತೇನೆ, ಅನ್ನ ಕಲಸುವ ವಿಷಯ ಅದರ ಮುಂದಿನ ಭಾನುವಾರ. ನನಗೆ ಬೇರೆ ಕೆಲಸವಿಲ್ಲ, ಆರೋಗ್ಯ ಗಟ್ಟಿಯಾಗಿದೆ. ಪುಟ ೩೪ರ ಪ್ರಕಾರ ನಿಮ್ಮ ಕೈಯಿಂದಲೇ ಉತ್ತರ ಬರಬೇಕು. ಬಲಗೈಯಿಂದ ತಾನೇ ನೀವು ಬರೆಯುವುದು? ಬೇಗ ಬರೆಯಿರಿ, ದಾರಿ ನೋಡುತ್ತಿರುತ್ತೇನೆ.”